ಕಬ್ಬಿಣದ ಪುಡಿ ತಾನಾಗಿ ಹಾರುವುದಿಲ್ಲ

ಜನವರಿ 9

ಅಪ್ಪನಿಗೆ ನಮಸ್ಕಾರ.

ಫೋನ್ ಮಾಡಿದರೆ ನೀವು ಮೂರು ಸಲ "ಹಾಂ, ಊಟ ಆಯ್ತು" ಎಂದು ಹೇಳಿ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ನಾನು ಊಟದ ಮಾತೇ ಎತ್ತಿರುವುದಿಲ್ಲ. ಮೂವತ್ತೊಂದು ವರ್ಷ ಲೇತ್ ಯಂತ್ರದ ಸದ್ದು ಕೇಳಿದ ಕಿವಿಗಳ ಮೇಲೆ ನನಗೇನೂ ಕೋಪವಿಲ್ಲ. ಆದರೆ ಈ ಸುದ್ದಿ ಅರ್ಧಂಬರ್ಧ ತಲುಪಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಸೋಮವಾರದಿಂದ ಡ್ರಿಲ್ಲಿಂಗ್ ವಿಭಾಗಕ್ಕೆ ನಾನೇ ಇನ್‌ಚಾರ್ಜ್. ನಾಲ್ಕು ಯಂತ್ರ, ಆರು ಜನ, ಗೋಡೆಯ ಮೇಲೆ ನನ್ನದೊಂದು ಫೋಟೊ. ಫೋಟೊದಲ್ಲಿ ಈಗಷ್ಟೇ ಸಿಕ್ಕಿಬಿದ್ದ ಕಳ್ಳಿಯ ಹಾಗೆ ಕಾಣುತ್ತೇನೆ, ಅದು ಬೇರೆ ವಿಷಯ. ಪಂಪಿನ ಮುಚ್ಚಳಗಳು ಎರಕದ ಮನೆಯಿಂದ ನಮ್ಮಲ್ಲಿಗೆ ಬರುತ್ತವೆ. ಒಂದೊಂದಕ್ಕೂ ಎಂಟು ತೂತು ಕೊರೆದು, ಏರ್ ಗನ್ನಿನಿಂದ ಪುಡಿ ಊದಿ, ಪಕ್ಕದ ತಪಾಸಣೆ ಮೇಜಿಗೆ ಇಡುವುದು ನಮ್ಮ ಕೆಲಸ. ಆ ಮೇಜಿನಲ್ಲಿ ಕೂರುವವಳು ನನ್ನ ಕೋಣೆಯ ಜೊತೆಗಾತಿಯೇ. ಎಲ್ಲರೂ ಅವಳನ್ನು ಮೈಕ್ರಾನ್ ಎನ್ನುತ್ತಾರೆ. ಒಂದು ಕೂದಲಿನ ದಪ್ಪವನ್ನು ಎಪ್ಪತ್ತು ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು ತಪ್ಪಿದರೂ ಹಿಡಿಯುತ್ತಾಳೆ ಅಂತ. ನಾನು ಇನ್‌ಚಾರ್ಜ್ ಆದ ದಿನವೇ ನನ್ನ ಮೊದಲ ತಟ್ಟೆ ಮಾಲು ವಾಪಸು ಕಳಿಸಿದಳು. ಕಳಿಸಿ, ಸಂಜೆ ಕೋಣೆಯಲ್ಲಿ ಅಭಿನಂದನೆ ಅಂತ ಹೊಸ ಚಪ್ಪಲಿ ಕೊಟ್ಟಳು.

ನಮ್ಮ ವಿಭಾಗದಲ್ಲಿ ಬೇಜಾರು ಅನ್ನುವ ಮಾತೇ ಇಲ್ಲ. ಏಪ್ರನ್ನಿನ ದಾರ ಕುರ್ಚಿಗೆ ಕಟ್ಟುವುದು, ಏರ್ ಗನ್ನಿನಿಂದ ಟೋಪಿ ಹಾರಿಸುವುದು, ಎಲ್ಲದರಲ್ಲೂ ನಾನೇ ಮುಂದು. ಮೊನ್ನೆ ಸೂಪರ್‌ವೈಸರ್ ಟೋಪಿಯನ್ನೇ ಹಾರಿಸಿದೆ. ಅವರೂ ನಕ್ಕರು. ನಿಮ್ಮ ಮಗಳು ಅಂದ ಮೇಲೆ ಅಷ್ಟಾದರೂ ಬೇಡವೇ?

ನಿಮ್ಮ ತುಂಟಿ


ಜನವರಿ 21

ಚಿರಂಜೀವಿ ಮಗಳಿಗೆ ಆಶೀರ್ವಾದ.

ನಿನ್ನ ಪತ್ರವನ್ನು ನಾನು ಎರಡು ಸಲ ಓದಿದೆ. ಅಮ್ಮ ಒಂದು ಸಲ ಓದಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕ್ಷೌರದ ಅಂಗಡಿಯಲ್ಲಿ ಮೂರನೆಯ ಸಲ ಓದಿದ್ದು ಗಟ್ಟಿಯಾಗಿ. ಒಬ್ಬನ ಅರ್ಧ ಗಡ್ಡ ಹಾಗೇ ಬಿಟ್ಟು ಕ್ಷೌರಿಕ ಕೇಳಿದ.

ನನಗೆ ಇನ್‌ಚಾರ್ಜ್ ಎಂದು ಕರೆಸಿಕೊಳ್ಳಲು ಹತ್ತೊಂಬತ್ತು ವರ್ಷ ಬೇಕಾಯಿತು, ನಿನಗೆ ನಾಲ್ಕು. ಹೊಟ್ಟೆಕಿಚ್ಚು ಪಡುವ ವಯಸ್ಸು ದಾಟಿದೆ, ಹೆಮ್ಮೆ ಒಂದೇ ಉಳಿದಿರುವುದು.

ಟೋಪಿ ಹಾರಿಸಿದ್ದು ಓದಿ ನಗು ತಡೆಯಲಾಗಲಿಲ್ಲ. ಹೆಣ್ಣುಮಗುವಿಗೆ ಇದೆಂಥ ತುಂಟತನ, ನಿಮ್ಮ ಥರವೇ ಅಂದಳು ಅಮ್ಮ. ನಾವೂ ಆಗ ಏನು ಕಡಿಮೆ ಇರಲಿಲ್ಲ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆ ಮೈಕ್ರಾನ್ ಹುಡುಗಿಗೆ ನನ್ನ ನಮಸ್ಕಾರ ತಿಳಿಸು. ತಪಾಸಣೆಯವರ ಜೊತೆ ಒಂದೇ ಕೋಣೆಯಲ್ಲಿ ಬದುಕಿರುವವಳು ನೀನೊಬ್ಬಳೇ ಇರಬೇಕು.

ನಿನ್ನ ಅಪ್ಪ


ಮಾರ್ಚ್ 2

ಅಪ್ಪನಿಗೆ ನಮಸ್ಕಾರ.

ಬಹಳ ದಿನದಿಂದ ಬರೆಯಲಾಗಲಿಲ್ಲ, ಕೆಲಸ ಜಾಸ್ತಿ. ನಮ್ಮ ವಿಭಾಗದಲ್ಲಿ ಒಂದು ಅಪಘಾತವಾಯಿತು. ಮೈಕ್ರಾನ್ ಎಡಗಣ್ಣಿಗೆ ಕಬ್ಬಿಣದ ಪುಡಿ ಹಾರಿ ಬಿದ್ದು ಆಸ್ಪತ್ರೆಯಲ್ಲಿದ್ದಾಳೆ. ಆ ಹೊತ್ತಿಗೆ ರಕ್ಷಣೆಯ ಕನ್ನಡಕ ಹಾಕಿರಲಿಲ್ಲ. ಕಂಪನಿಯವರು ವಿಚಾರಣೆ ಇಟ್ಟಿದ್ದಾರೆ.

ನಾನು ಚೆನ್ನಾಗಿದ್ದೇನೆ. ನೀವು ಯೋಚನೆ ಮಾಡಬೇಡಿ. ಅಮ್ಮನಿಗೆ ಈಗಲೇ ಹೇಳಬೇಡಿ.

ನಿಮ್ಮ ಮಗಳು


ಮಾರ್ಚ್ 11

ಮಗಳೇ,

ಪತ್ರ ತಲುಪಿತು. ಆ ಹುಡುಗಿಗೆ ಹೇಗಿದೆ ಎಂದು ಬರೆ. ಅಮ್ಮನಿಗೆ ಹೇಳಿಲ್ಲ.

ನಿನ್ನನ್ನು ಒಂದು ಮಾತು ಕೇಳಬೇಕು. ಉಕ್ಕನ್ನು ಕೊರೆದರೆ ಸುರುಳಿ ಬರುತ್ತದೆ, ಸಿಡಿಯುತ್ತದೆ. ಎರಕದ ಕಬ್ಬಿಣ ಹಾಗಲ್ಲ. ಬೂದಿಯ ಹಾಗೆ ಪುಡಿ ಉದುರಿ ಡ್ರಿಲ್ಲಿನ ಬುಡದಲ್ಲೇ ಗುಪ್ಪೆಯಾಗಿ ಬೀಳುತ್ತದೆ. ಪಕ್ಕದ ಮೇಜಿನಲ್ಲಿ ಕೂತು ಅಳತೆಯ ಗೇಜು ನೋಡುವವಳ ಕಣ್ಣಿನವರೆಗೆ ಅದು ತಾನಾಗಿ ಹಾರುವುದಿಲ್ಲ, ಅದಕ್ಕೆ ಗಾಳಿ ಬೇಕು.

ಇಷ್ಟು ವರ್ಷ ಆ ಪುಡಿ ಉಸಿರಾಡಿದವನು ನಾನು. ಗೊತ್ತಿಲ್ಲದ ಹಾಗೆ ಇರಲು ನನ್ನಿಂದ ಆಗುವುದಿಲ್ಲ. ಇಷ್ಟವಿದ್ದರೆ ಬರೆ. ಇಲ್ಲದಿದ್ದರೆ ಬೇರೆ ವಿಷಯ ಬರೆ, ಆದರೆ ಬರೆಯದೆ ಮಾತ್ರ ಇರಬೇಡ.

ನಿನ್ನ ಅಪ್ಪ


ಮಾರ್ಚ್ 29

ಅಪ್ಪಾ,

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ದಿನಾ ಬ್ಯಾಗಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ.

ಏರ್ ಗನ್ ನನ್ನ ಕೈಯಲ್ಲಿತ್ತು.

ಫೆಬ್ರವರಿ ಹದಿನಾಲ್ಕು, ಬೆಳಗಿನ ಪಾಳಿ, ಹನ್ನೊಂದು ಗಂಟೆ ಇರಬೇಕು. ನಾನು ಮುಚ್ಚಳಗಳ ಪುಡಿ ಊದುತ್ತಿದ್ದೆ. ಮೈಕ್ರಾನ್ ನನಗೆ ಬೆನ್ನು ಹಾಕಿ ಗೇಜಿನ ಮೇಲೆ ಬಗ್ಗಿದ್ದಳು. ಅವಳ ಕನ್ನಡಕದ ಗಾಜು ಗೀರು ಬಿದ್ದು ಮಂಜಾಗಿದೆ, ಹೊಸದು ಕೊಡಿ ಎಂದು ಮೂರು ಸಲ ಬರೆದು ಕೊಟ್ಟಿದ್ದಳು. ಬಂದಿರಲಿಲ್ಲ. ಆದ್ದರಿಂದ ಗೇಜು ಓದುವಾಗ ಅದನ್ನು ಹಣೆಯ ಮೇಲೆ ಎತ್ತಿಕೊಳ್ಳುತ್ತಿದ್ದಳು. ಅದು ನನಗೆ ಗೊತ್ತು. ದಿನಾ ನೋಡುತ್ತಿದ್ದೆ.

ಅವಳು ಅಷ್ಟು ಗಂಭೀರವಾಗಿ ಕೂತಿರುವುದು ನೋಡಿದರೆ ನನಗೆ ಕೈ ಕಡಿಯುತ್ತದೆ. ಮೆಲ್ಲಗೆ ಹಿಂದೆ ಹೋಗಿ ಕತ್ತಿಗೆ ಗಾಳಿ ಬಿಟ್ಟೆ. ಅವಳು ಬೆಚ್ಚಿ ಬಿದ್ದು ತಿರುಗಿದಳು. ಅವಳ ಮೊಣಕೈ ತಾಗಿ ನನ್ನ ಕೈ ಕೆಳಕ್ಕೆ ಹೋಯಿತು. ಗಾಳಿ ತಟ್ಟೆಯಲ್ಲಿದ್ದ ಪುಡಿಗೆ ಬಡಿಯಿತು. ಅಷ್ಟೇ, ಒಂದು ಕ್ಷಣ. ಉಳಿದವರೆಲ್ಲ ಅದಾಗಲೇ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತ ಮೇಲೂ ನಾವು ಸ್ವಲ್ಪ ಹೊತ್ತು ನಕ್ಕೆವು ಅಪ್ಪಾ. ನಾಟಕ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆವು.

ವೈದ್ಯರು ಎರಡು ಕಣ ತೆಗೆದರು. ಮೂರನೆಯದು ಆಳಕ್ಕೆ ಹೋಗಿತ್ತು. ಆ ಕಣ್ಣಿಗೆ ಈಗ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ಗೊತ್ತಾಗುತ್ತದಂತೆ.

ಸೂಪರ್‌ವೈಸರ್ ವರದಿಯಲ್ಲಿ, ರಕ್ಷಣೆಯ ಕನ್ನಡಕ ಧರಿಸದ ಕಾರಣ, ಕೆಲಸಗಾರ್ತಿಯ ಸ್ವಂತ ನಿರ್ಲಕ್ಷ್ಯ ಎಂದು ಬರೆದಿದ್ದಾರೆ. ಆರು ಜನರೂ ಸಹಿ ಹಾಕಿದರು. ಏಳನೆಯ ಸಹಿ ನನ್ನದು. ವಿಚಾರಣೆಯಲ್ಲಿ ಅದೇ ನಿಂತರೆ ಅವಳನ್ನು ವಾಪಸು ತೆಗೆದುಕೊಳ್ಳುವುದಿಲ್ಲ.

ಅವಳಿಗೆ ಎಲ್ಲಾ ಗೊತ್ತು. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತಿದ್ದಾಗ ಅವಳೇ ಮಾತು ತೆಗೆದಳು. "ನೀನು ಬಾಯಿ ಬಿಡ್ಬೇಡ ಕಣೇ. ನನ್ನ ಕಣ್ಣು ಹೋಗಿದ್ದು ಸಾಕು, ನಿನ್ನ ಕೆಲಸಾನೂ ಹೋಗೋದು ಬೇಡ." ನಾನು ಹೂಂ ಅಂದೆ. ಬೇಡ ಅನ್ನಲಿಲ್ಲ, ಹೂಂ ಅಂದೆ. ಅವಳಿಗೆ ಕಿತ್ತಲೆ ಸುಲಿದು ಕೊಟ್ಟು ಕೋಣೆಗೆ ಬಂದೆ.

ಏಪ್ರಿಲ್ ಎಂಟಕ್ಕೆ ವಿಚಾರಣೆ. ಏನು ಮಾಡಲಿ, ಹೇಳಿ. ನನ್ನ ಬಗ್ಗೆ ಕ್ಷೌರದ ಅಂಗಡಿಯಲ್ಲಿ ಇನ್ನು ಓದಬೇಡಿ.

ನಿಮ್ಮ ಮಗಳು


ಏಪ್ರಿಲ್ 5

ಮಗಳೇ,

ಏನು ಮಾಡಲಿ ಎಂದು ಕೇಳಿದ್ದೀಯ. ಅದನ್ನು ಹೇಳುವ ಯೋಗ್ಯತೆ ನನಗಿಲ್ಲ. ಯಾಕೆ ಎಂದು ಬರೆಯುತ್ತೇನೆ. ಇದು ನಿನ್ನ ಅಮ್ಮನಿಗೂ ಗೊತ್ತಿಲ್ಲ.

ನನಗಾಗ ಮೂವತ್ತು ವರ್ಷ. ಪಕ್ಕದ ಲೇತಿನಲ್ಲಿ ಒಬ್ಬನಿದ್ದ. ಅಗಲ ಬೆನ್ನು, ದಪ್ಪ ಕತ್ತು, ಗೂಳಿ ಎಂದೇ ಕರೆಯುತ್ತಿದ್ದೆವು. ನೀನೂ ನೋಡಿದ್ದೀಯ, ಎರಡು ಬೀದಿ ಆಚೆಗೆ ಊರುಗೋಲು ಹಿಡಿದು, ಬಗ್ಗಿ ನಡೆಯುತ್ತಾರಲ್ಲ, ಅವರೇ. ಒಂದು ದಿನ ಚಹಾ ಬಂದಾಗ ಅವನು ಲೋಟ ಹಿಡಿದು ಸ್ಟೂಲಿನ ಮೇಲೆ ಕೂರಲು ಹೋದ. ನಾನು ಹಿಂದಿನಿಂದ, ಯಾರಿಗೂ ಕಾಣದ ಹಾಗೆ, ಕಾಲಲ್ಲಿ ಸ್ಟೂಲನ್ನು ಸರಿಸಿದೆ. ಯಂತ್ರದ ಕಬ್ಬಿಣದ ಪಾದದ ಮೇಲೆ ಸೊಂಟ ಬಡಿದು ಕೂತ. ಎಲ್ಲರೂ ನಕ್ಕೆವು, ಅವನೂ ನಕ್ಕ. "ನಾನೊಬ್ಬ ಎಡವಟ್ಟು, ಸ್ಟೂಲ್ ಎಲ್ಲಿದೆ ಅಂತಾನೂ ನೋಡ್ಲಿಲ್ಲ" ಅಂದ. ಮೂರನೆಯ ದಿನ ಅವನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ.

ಕಾರ್ಖಾನೆಯ ಪುಸ್ತಕದಲ್ಲಿ ಬರೆದದ್ದು ಹೀಗೆ: ಕೂರುವಾಗ ಆಯ ತಪ್ಪಿ ಬಿದ್ದದ್ದು. ಸ್ವಲ್ಪ ದಿನ ಹಗುರದ ಕೆಲಸ ಕೊಟ್ಟರು, ಆಮೇಲೆ ಅದೂ ಇಲ್ಲವಾಯಿತು. ಅವನಷ್ಟು ನುಣುಪಾಗಿ ಲೇತ್ ಹೊಡೆಯುವವರು ನಮ್ಮಲ್ಲಿ ಇರಲಿಲ್ಲ. ಅವನ ಜಾಗ ಖಾಲಿಯಾದ ಕಾರಣ ಮುಂದೆ ನಾನು ಇನ್‌ಚಾರ್ಜ್ ಆದೆ.

ನಾನು ಹೇಳಲಿಲ್ಲ. ಮೊದಲ ವಾರ ಹೆದರಿಕೆಯಿಂದ, ಮೊದಲ ವರ್ಷ ನಾಚಿಕೆಯಿಂದ, ಆಮೇಲೆ ಅಭ್ಯಾಸದಿಂದ. ಬೀದಿಯಲ್ಲಿ ಸಿಕ್ಕಾಗ ನಾನೇ ಮೊದಲು ಮಾತಾಡಿಸುತ್ತೇನೆ. ಬೇಕಾದ್ದಕ್ಕಿಂತ ಹೆಚ್ಚೇ ಮಾತಾಡಿಸುತ್ತೇನೆ. ಅವನ ಮಾತು ನನಗೆ ಅರ್ಧ ಕೇಳಿಸುವುದಿಲ್ಲ, ಆದರೂ ತಲೆಯಾಡಿಸುತ್ತಾ ನಿಲ್ಲುತ್ತೇನೆ.

ನಿನ್ನ ಜನವರಿಯ ಪತ್ರ ಓದಿದಾಗ ನಾನು ಎಚ್ಚರಿಸಬೇಕಿತ್ತು. ನಕ್ಕುಬಿಟ್ಟೆ.

ನೀನು ಏನೇ ಮಾಡಿದರೂ ನನ್ನ ಮಗಳು.

ನಿನ್ನ ಅಪ್ಪ


ಏಪ್ರಿಲ್ 14

ಅಪ್ಪಾ,

ನಿಮ್ಮ ಪತ್ರ ನನ್ನ ಕೈ ಸೇರಿದ್ದು ಹತ್ತನೆಯ ತಾರೀಖು. ಅಷ್ಟರಲ್ಲಿ ಎಲ್ಲಾ ಮುಗಿದಿತ್ತು.

ವಿಚಾರಣೆ ಮೇಲಿನ ಮಹಡಿಯಲ್ಲಿ, ಉದ್ದ ಮೇಜಿನ ಕೋಣೆಯಲ್ಲಿ. ಒಂದು ಕಡೆ ಮ್ಯಾನೇಜರ್, ಸೂಪರ್‌ವೈಸರ್. ಇನ್ನೊಂದು ಕಡೆ ನಾವು ಏಳು ಜನ. ಮೇಜಿನ ತುದಿಯಲ್ಲಿ ಮೈಕ್ರಾನ್, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು. ಸೂಪರ್‌ವೈಸರ್ ವರದಿ ಓದಿದರು. ಮ್ಯಾನೇಜರ್ ಅವಳಿಗೆ, ಇದರಲ್ಲಿ ತಪ್ಪೇನಾದರೂ ಇದೆಯಾ ಎಂದು ಕೇಳಿದರು. ಅವಳು ಇಲ್ಲ ಎಂದಳು. ಅರೆ ಕೂದಲಷ್ಟು ತಪ್ಪಿದರೂ ಮಾಲು ವಾಪಸು ಕಳಿಸುವವಳು ಅವಳು. ಆ 'ಇಲ್ಲ' ಕೇಳಿ ನನಗೆ ಕೂತಿರಲು ಆಗಲಿಲ್ಲ.

ಎದ್ದು ನಿಂತೆ. "ತಪ್ಪಿದೆ ಸರ್. ಗಾಳಿ ಬಿಟ್ಟಿದ್ದು ನಾನು. ತಮಾಷೆಗೆ ಬಿಟ್ಟೆ."

ಸೂಪರ್‌ವೈಸರ್ ಕಣ್ಣಲ್ಲೇ ಕೂರು ಎಂದರು. ಮ್ಯಾನೇಜರ್ ಪೆನ್ನು ಕೆಳಗಿಟ್ಟು, ಇದನ್ನು ಬರೆದುಕೊಂಡರೆ ಆಮೇಲೆ ಹೊಡೆದುಹಾಕಲು ಬರುವುದಿಲ್ಲ, ಯೋಚನೆ ಮಾಡಿ ಹೇಳು ಅಂದರು. ಐವತ್ತಮೂರು ದಿನ ಯೋಚನೆ ಮಾಡಿದ್ದೇನೆ, ಕಾಗದ ಕೊಡಿ, ನಾನೇ ಬರೆಯುತ್ತೇನೆ ಅಂದೆ. ಅಕ್ಷರಗಳು ನೆಟ್ಟಗೆ ಬಂದವು. ಕನ್ನಡಕಕ್ಕಾಗಿ ಅವಳು ಮೂರು ಸಲ ಬರೆದುಕೊಟ್ಟ ತಾರೀಖುಗಳನ್ನೂ ಬರೆದೆ. ಸೂಪರ್‌ವೈಸರ್ ಟೋಪಿಯನ್ನು ನಾನು ಹಾರಿಸಿದಾಗ ಅವರು ನಕ್ಕದ್ದನ್ನೂ ಬರೆದೆ. ನಾನು ಬರೆದು ಮುಗಿಸುವಾಗ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಡ್ರಿಲ್ಲರ್ ಎದ್ದರು. "ನಾನೂ ನೋಡ್ದೆ ಸರ್. ನೋಡಿ ನಕ್ಕೆ. ಅದನ್ನೂ ಬರ್ಕೊಳಿ" ಎಂದರು. ಆಮೇಲೆ ಒಬ್ಬೊಬ್ಬರೇ ತಮ್ಮ ಸಹಿ ವಾಪಸು ಪಡೆದರು.

ಅವಳ ಮೇಲಿನ ಆರೋಪ ತೆಗೆದುಹಾಕಿದ್ದಾರೆ. ಇನ್‌ಚಾರ್ಜ್ ಹುದ್ದೆ ನನ್ನಿಂದ ಹೋಯಿತು. ಹದಿನೈದು ದಿನ ಗೇಟಿನೊಳಗೆ ಕಾಲಿಡುವಂತಿಲ್ಲ. ಆಮೇಲೆ ತೂತಿನ ಅಂಚು ಉಜ್ಜುವ ಮೇಜಿನಲ್ಲಿ ಕೆಲಸ. ಕೊನೆಯ ಎಚ್ಚರಿಕೆ ಎಂದು ಬರೆದುಕೊಟ್ಟಿದ್ದಾರೆ. ಅಂದು ಹೊರಡುವಾಗಲೇ, ಗೋಡೆಯ ಮೇಲಿದ್ದ ಫೋಟೊ ತೆಗೆದ ಜಾಗದಲ್ಲಿ ಬಣ್ಣ ಬೇರೆಯಾಗಿ ಕಾಣುತ್ತಿತ್ತು.

ಇಷ್ಟೆಲ್ಲಾ ಆದ ಮೇಲೆ ಅವಳು ನನ್ನನ್ನು ಅಪ್ಪಿಕೊಂಡಳು ಎಂದು ಬರೆಯಬೇಕೆಂದು ಆಸೆ. ಹಾಗಾಗಲಿಲ್ಲ. ಮೆಟ್ಟಿಲು ಇಳಿಯುವಾಗ, "ನಿನ್ನನ್ನ ಯಾರು ಕೇಳಿದ್ರು? ನಾನು ಬಾಯಿ ಮುಚ್ಕೊಂಡಿದ್ದು ನಿನಗೋಸ್ಕರ, ಅದನ್ನೂ ಮಣ್ಣು ಮಾಡ್ದೆ" ಅಂದಳು. ಮರುದಿನ ಹಾಸಿಗೆ ಸುತ್ತಿಕೊಂಡು ಇನ್ನೊಂದು ಕೋಣೆಗೆ ಹೋದಳು. ಒಲೆ ಬಿಟ್ಟುಹೋಗಿದ್ದಾಳೆ, ಒಲೆ ಅವಳದ್ದೇ.

ನಿಮ್ಮ ಪತ್ರ ಓದಿದೆ. ನಿಮ್ಮ ಮೇಲಿನ ಗೌರವ ಕಡಿಮೆಯಾಗಿಲ್ಲ, ಅಷ್ಟು ತಿಳಿದರೆ ಸಾಕು. ಅಮ್ಮನಿಗೆ ನನ್ನ ವಿಷಯ ಹೇಳಿ. ನಿಮ್ಮದು ನಿಮಗೆ ಬಿಟ್ಟದ್ದು.

ನಿಮ್ಮ ಮಗಳು


ಜೂನ್ 27

ನನ್ನ ಜೊತೆಗಾತಿಯ ತಂದೆಯವರಿಗೆ ನಮಸ್ಕಾರಗಳು.

ನೀವು ನನ್ನನ್ನು ನೋಡಿಲ್ಲ. ಜನವರಿಯಲ್ಲಿ ನನಗೆ ನಮಸ್ಕಾರ ಹೇಳಿ ಕಳಿಸಿದ್ದಿರಿ. ಕಾರ್ಖಾನೆಯಲ್ಲಿ ನನ್ನನ್ನು ಮೈಕ್ರಾನ್ ಎನ್ನುತ್ತಾರೆ. ವಿಳಾಸ ನಿಮ್ಮ ಹಳೆಯ ಲಕೋಟೆಯಿಂದ ತೆಗೆದುಕೊಂಡೆ. ಒಂದೇ ಕಣ್ಣಿನಲ್ಲಿ ಬರೆಯುವಾಗ ಸಾಲು ಸ್ವಲ್ಪ ಮೇಲಕ್ಕೆ ಹೋಗುತ್ತದೆ, ಕ್ಷಮಿಸಿ. ದಿನೇ ದಿನೇ ಸರಿಯಾಗುತ್ತಿದೆ.

ಮೊದಲು ನನ್ನ ವಿಷಯ. ಮೇ ತಿಂಗಳಲ್ಲಿ ವಾಪಸು ಹೋದಾಗ ನನ್ನನ್ನು ಪ್ಯಾಕಿಂಗಿಗೆ ಹಾಕಲು ನೋಡಿದರು. ಒಂದು ಕಣ್ಣಿನವಳಿಗೆ ತಪಾಸಣೆ ಹೇಗೆ ಎಂದು ಮ್ಯಾನೇಜರ್ ಅನುಮಾನ ಪಟ್ಟರು. ಸರ್, ಸೂಕ್ಷ್ಮವಾಗಿ ನೋಡುವಾಗ ಎಲ್ಲರೂ ಒಂದು ಕಣ್ಣು ಮುಚ್ಚುತ್ತಾರೆ, ನನಗೆ ಆ ಶ್ರಮ ಉಳಿಯಿತು ಅಂದೆ. ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಪರೀಕ್ಷೆ ಮಾಡಿ ಎಂದು ನಾನೇ ಕೇಳಿದೆ. ಇಪ್ಪತ್ತು ಮುಚ್ಚಳ ಇಟ್ಟರು, ಅದರಲ್ಲಿ ಬೇಕಂತಲೇ ಮೂರು ಕೆಟ್ಟವು ಸೇರಿಸಿದ್ದರು. ನಾನು ನಾಲ್ಕು ತೆಗೆದಿಟ್ಟೆ. ಅವರು ಮೂರೇ ಅಂದರು, ನಾನು ನಾಲ್ಕೇ ಅಂದೆ. ದೊಡ್ಡ ಯಂತ್ರಕ್ಕೆ ಇಟ್ಟು ಅಳೆದರು. ನಾಲ್ಕೇ. ಮರುದಿನ ನನ್ನ ಕುರ್ಚಿ ನನ್ನ ಮೇಜಿಗೆ ಬಂತು, ಹೊಸ ಕನ್ನಡಕದ ಜೊತೆ. ಈಗ ಇಡೀ ವಿಭಾಗಕ್ಕೆ ಹೊಸ ಕನ್ನಡಕ.

ಬರೆಯಲು ಕೂತದ್ದು ಇದಕ್ಕಲ್ಲ. ನಿಮ್ಮ ಮಗಳು ನಿಮಗೆ ಒಂದು ವಿಷಯ ಬರೆದಿರುವುದಿಲ್ಲ ಎಂದು ನನಗೆ ಗೊತ್ತು.

ಪ್ರತಿ ಸೋಮವಾರ ಬೆಳಿಗ್ಗೆ ಹೊಸದಾಗಿ ಸೇರಿದವರನ್ನು ನಮ್ಮ ವಿಭಾಗಕ್ಕೆ ಕರೆತರುತ್ತಾರೆ. ಹದಿನೈದು ದಿನ ಹೊರಗಿದ್ದು ಬಂದ ಮೊದಲ ಸೋಮವಾರವೇ ಅವಳು, ಅವರ ಜೊತೆ ಹತ್ತು ನಿಮಿಷ ಮಾತಾಡಲು ಬಿಡಿ ಎಂದು ಮ್ಯಾನೇಜರನ್ನು ಕೇಳಿಕೊಂಡಳು. ಯಾರೂ ಅವಳಿಗೆ ಹೇಳಿರಲಿಲ್ಲ. ಆಗಿನಿಂದ ವಾರ ತಪ್ಪಿಸಿಲ್ಲ. ಏರ್ ಗನ್ ಕೈಯಲ್ಲಿ ಹಿಡಿದು ನಿಲ್ಲುತ್ತಾಳೆ. ಅವರು ಮೊದಲು ನಗುತ್ತಾರೆ, ಅವಳು ಮಾತಾಡುವ ಶೈಲಿಯೇ ಹಾಗಲ್ಲವೇ. ಟೋಪಿ ಹಾರಿಸಿದ್ದು ಹೇಳುತ್ತಾಳೆ, ಇನ್ನೂ ನಗುತ್ತಾರೆ. ಆಮೇಲೆ ನನ್ನ ಕಣ್ಣಿನ ವಿಷಯ ಹೇಳುತ್ತಾಳೆ. ಯಾರೋ ಒಬ್ಬರು ಮಾಡಿದರು ಎನ್ನುವುದಿಲ್ಲ, ನಾನು ಮಾಡಿದೆ ಎನ್ನುತ್ತಾಳೆ. ಅವಳು ನೆಲದ ಮೇಲೆ ಕೂತ ಮೇಲೂ ನಾವು ನಗುತ್ತಿದ್ದೆವು ಎಂಬುದನ್ನೂ ಪ್ರತಿ ಸಲ ಹೇಳುತ್ತಾಳೆ. ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ನಾನು ಬಹಳ ಕೋಪದಲ್ಲಿದ್ದೆ. ಅವಳು ಮಾತಾಡುವಾಗ ಬೇಕಂತಲೇ ಗೇಜಿನಿಂದ ತಲೆ ಎತ್ತುತ್ತಿರಲಿಲ್ಲ. ಐದನೆಯ ಸೋಮವಾರ ಒಬ್ಬ ಹೊಸಬ, "ಆ ಹೆಂಗಸಿಗೆ ಆಮೇಲೆ ಏನಾಯ್ತು?" ಎಂದು ಕೇಳಿದ. ನಾನೇ ಎದ್ದುಹೋಗಿ ಪಕ್ಕದಲ್ಲಿ ನಿಂತೆ. "ಆ ಹೆಂಗಸು ನಾನೇ. ನಾಳೆಯಿಂದ ನಿಮ್ಮ ಮಾಲು ನನ್ನ ಹತ್ರಾನೇ ಬರುತ್ತೆ" ಅಂದೆ. ಆಮೇಲೆ ಎಲ್ಲಾ ಸೋಮವಾರ ಇಬ್ಬರೂ ನಿಲ್ಲುತ್ತಿದ್ದೇವೆ.

ನಾವು ಮೊದಲಿನ ಹಾಗಾಗಿದ್ದೇವೆ ಎಂದರೆ ಸುಳ್ಳಾಗುತ್ತದೆ. ನಾನು ಬೇರೆ ಕೋಣೆಯಲ್ಲೇ ಇದ್ದೇನೆ. ಕೆಲವು ದಿನ ಅವಳ ಮುಖ ಕಂಡರೆ ಸಾಕು, ಬೇರೆ ದಾರಿ ಹಿಡಿಯುತ್ತೇನೆ. ಕೆಲವು ದಿನ ಊಟದ ಡಬ್ಬಿ ತೆಗೆದುಕೊಂಡು ಅವಳ ಪಕ್ಕಕ್ಕೇ ಹೋಗಿ ಕೂರುತ್ತೇನೆ. ಕಳೆದ ವಾರ ಅವಳು ಉಜ್ಜಿದ ಎರಡು ಮುಚ್ಚಳ ವಾಪಸು ಕಳಿಸಿದೆ. ಮಾತಿಲ್ಲದೆ ಮತ್ತೆ ಉಜ್ಜಿ ತಂದಿಟ್ಟಳು. ಚೆನ್ನಾಗಿತ್ತು.

ಅಂದು ಆ ಮೇಜಿನ ಮುಂದೆ ನಾನು ಸುಳ್ಳು ಹೇಳಿದೆ, ಅವಳು ನಿಜ ಹೇಳಿದಳು. ಅವಳಿಗಿಂತ ನನ್ನ ಮೇಲೇ ನನಗೆ ಕೋಪವಿತ್ತೇನೋ ಎಂದು ಈಗ ಅನಿಸುತ್ತದೆ. ಇದನ್ನು ಅವಳಿಗೆ ಹೇಳಲು ಬಾಯಿ ಬರುತ್ತಿಲ್ಲ, ಅದಕ್ಕೆ ನಿಮಗೆ ಹೇಳಿದೆ. ನಿಮ್ಮ ಮಗಳು ಸಣ್ಣ ಮನಸ್ಸಿನವಳಲ್ಲ.

ಇಂತಿ,
ತಪಾಸಣೆ ಮೇಜಿನವಳು


ಜುಲೈ 19

ಮಗಳೇ,

ನಿನ್ನ ಗೆಳತಿ ನನಗೊಂದು ಪತ್ರ ಬರೆದಿದ್ದಾಳೆ. ಅದರಲ್ಲಿ ಏನಿದೆ ಎಂದು ನನ್ನನ್ನು ಕೇಳಬೇಡ, ಅವಳನ್ನು ಕೇಳು. ಕೇಳಲು ಸ್ವಲ್ಪ ದಿನ ಬಿಟ್ಟರೂ ಪರವಾಗಿಲ್ಲ.

ಅದನ್ನು ಅಮ್ಮನಿಗೆ ಓದಿ ಹೇಳಿದೆ. ಹೇಳಿ, ಅದೇ ಉಸಿರಿನಲ್ಲಿ ಸ್ಟೂಲಿನ ವಿಷಯವನ್ನೂ ಹೇಳಿದೆ. ಅವಳು ಒಗೆದ ಅಂಗಿ ತಂದು ಮಂಚದ ಮೇಲಿಟ್ಟಳು. ಇನ್ನೂ ಕೂತೇ ಇದ್ದೀರಲ್ಲ ಎಂದಳು.

ಗೂಳಿಯ ಮನೆ ನಿನಗೆ ಗೊತ್ತಲ್ಲ, ನೀಲಿ ಬಾಗಿಲು, ಮೂರು ಮೆಟ್ಟಿಲು. ಅವನಿಗೆ ಹತ್ತಲು ಇಳಿಯಲು ಆಗಲಿ ಎಂದು ಪಕ್ಕದಲ್ಲಿ ಕಬ್ಬಿಣದ ಕೊಳವೆ ಹಾಕಿದ್ದಾರೆ. ಅದನ್ನು ಹಿಡಿದುಕೊಂಡೇ ನಾನೂ ಹತ್ತಿದೆ. ಅವನು ಕಿಟಕಿ ಪಕ್ಕ ಕೂತಿದ್ದ. ಯಾವಾಗಲೂ ಬೀದಿಯಲ್ಲಿ ಮಾತಾಡಿಸುವವನು ಮನೆಗೇ ಬಂದನಲ್ಲ ಎಂದು ಅವನಿಗೆ ಆಶ್ಚರ್ಯ. ನಾನು ಕೂರಲಿಲ್ಲ. ನಿಂತೇ ಹೇಳಿದೆ, ಸ್ಟೂಲ್ ಸರಿಸಿದ್ದು ನಾನು, ಬೇಕಂತಲೇ ಸರಿಸಿದೆ, ಮೂವತ್ತೆಂಟು ವರ್ಷ ಹೇಳದೆ ಇದ್ದೆ.

ಬೈಯುತ್ತಾನೆ ಅಂದುಕೊಂಡೆ. ಊರುಗೋಲು ಎತ್ತಿದರೂ ತಪ್ಪಿಸಿಕೊಳ್ಳಬಾರದು ಎಂದು ತೀರ್ಮಾನಿಸಿಕೊಂಡೇ ಹೋಗಿದ್ದೆ. ಅವನು ನನ್ನನ್ನು ನೋಡಲೂ ಇಲ್ಲ. ಒಳಗೆ ಅಡುಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ಕರೆದ. ಅವರು ಕೈ ಒರೆಸಿಕೊಂಡು ಬಂದರು. ಅವನು ನನ್ನ ಕಡೆ ಕೈ ತೋರಿಸಿ, "ಇವನು ಹೇಳೋದು ಕೇಳು. ಇನ್ನೊಂದ್ಸಲ ಹೇಳಪ್ಪಾ" ಎಂದ.

ಇನ್ನೊಂದು ಸಲ ಹೇಳಿದೆ. ಅವನು ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಆಗ ನನಗೆ ಅರ್ಥವಾಯಿತು ಮಗಳೇ. ಇಷ್ಟು ವರ್ಷವೂ ಆ ಮನೆಯಲ್ಲಿ ತಪ್ಪು ಅವನದ್ದೇ ಆಗಿತ್ತು. ನೋಡಿ ಕೂರಲು ಬಾರದವನು, ತನ್ನ ಸೊಂಟವನ್ನು ತಾನೇ ಮುರಿದುಕೊಂಡವನು. ಮಕ್ಕಳಿಗೂ ಹಾಗೇ ಹೇಳಿ ಬೆಳೆಸಿದ್ದರು. ಸೊಂಟ ಮುರಿದದ್ದು ಒಂದು ದಿನ. ತಪ್ಪನ್ನು ಅವನ ಮೇಲೆ ಹೊರಿಸುವುದನ್ನು ಮಾತ್ರ ನಾನು ದಿನಾ ಮಾಡುತ್ತಿದ್ದೆ.

ಅವನು ಅತ್ತ. ನಾನೂ ಅತ್ತೆ. ಕ್ಷಮಿಸಿದೆ ಎಂದು ಅವನು ಅನ್ನಲಿಲ್ಲ, ನಾನು ಕೇಳಲೂ ಇಲ್ಲ. ಆದರೆ ಹೊರಟಾಗ ಊರುಗೋಲು ಊರಿ ಎದ್ದು ಬಾಗಿಲವರೆಗೆ ಬಂದ. ಅವನು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಅವನ ಹೆಂಡತಿ ಮೆಟ್ಟಿಲವರೆಗೂ ಬಂದರು. ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಹೇಳಿದಿರಿ ಎಂದು ಕೇಳಿದರು. ಅದರಲ್ಲಿ ಕೋಪವಿತ್ತು, ಇರಬೇಕಾದದ್ದೇ.

ನನ್ನ ಮಗಳು ನನಗಿಂತ ಮೊದಲು ಹೇಳಿದಳು ಎಂದೆ.

ನಿನ್ನ ಅಪ್ಪ